ಚಾನಲ್ ಏರಿ, ಬಂಡಿ ಜಾಡು, ಅಗಲ ಟೈರಿನ ಸೈಕಲ್

ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ಲಿನಲ್ಲಿ ಹೋಗುವ ದಾರಿ ಕೇಳಿದರೆ ಎಲ್ಲರೂ ತೋರಿಸುವುದು ಹಳೇ ಪಿ.ಬಿ. ರಸ್ತೆಯನ್ನೇ. ಸುಮಾರು 14 ಕಿಲೋಮೀಟರ್. ಬಾತಿ ದಾಟಿದರೆ ಹರಿಹರ ಬಂತೆಂದೇ ಲೆಕ್ಕ. ಆದರೆ ಆ ರಸ್ತೆಯಲ್ಲಿ ಸೈಕಲ್ ಸವಾರನ ಪಾಲಿಗೆ ಉಳಿದಿರುವುದು ಡಾಂಬರಿನ ಅಂಚಿನ ಒಂದು ಗೇಣು ಜಾಗ. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಸರಿದು ಹೋಗುತ್ತವೆ. ಇದೇ ಎರಡು ಊರುಗಳ ಸುತ್ತ ಇನ್ನೊಂದು ರಸ್ತೆ ಜಾಲವೂ ಇದೆ. ಭದ್ರಾ ಚಾನಲ್ಲಿನ ಏರಿಗಳು, ಕೆರೆ ಏರಿಗಳು, ಹೊಲದಿಂದ ಹೊಲಕ್ಕೆ ಹೋಗುವ ಬಂಡಿ ಜಾಡು, ಗುಡ್ಡದ ಬುಡ ಸುತ್ತುವ ಗರಸು ದಾರಿ ಎಲ್ಲವೂ ಅದರಲ್ಲಿವೆ. ಸೈಕಲ್ ತುಳಿಯುವವರಿಗೆ ಮಧ್ಯ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ ಎಂದು ನಾನು ನಂಬಿದ್ದೇನೆ. ಇದನ್ನು ಹೊಸದಾಗಿ ಕಟ್ಟಬೇಕಾಗಿಲ್ಲ, ಇರುವುದನ್ನು ಗುರುತಿಸಿ ಕಾಪಾಡಿಕೊಂಡರೆ ಸಾಕು.

ಗ್ರಾವೆಲ್ ಬೈಕಿಂಗ್ ಎಂಬ ಹೆಸರಿನಲ್ಲಿ ಇಂಥ ದಾರಿಗಳ ಸವಾರಿ ಈಗ ಜಗತ್ತಿನಾದ್ಯಂತ ಬೆಳೆದಿದೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಎಂಪೋರಿಯ ಎಂಬ ಸಣ್ಣ ಊರಿದೆ. ಸುತ್ತಲೂ ದನ ಮೇಯುವ ತಗ್ಗು ಗುಡ್ಡಗಳು, ಚಕಮಕಿ ಕಲ್ಲಿನ ಚೂರು ಹಾಸಿದ ಹಳ್ಳಿ ರಸ್ತೆಗಳು. 2006ರಲ್ಲಿ ಅಲ್ಲಿ 200 ಮೈಲಿಯ ಒಂದು ಸೈಕಲ್ ಓಟ ಶುರುವಾಯಿತು. ಈಗ ಅನ್‌ಬೌಂಡ್ ಗ್ರಾವೆಲ್ ಎಂಬ ಹೆಸರಿನ ಆ ಓಟಕ್ಕೆ ಸಾವಿರಾರು ಜನ ಬರುತ್ತಾರೆ. ಇಟಲಿಯ ಟಸ್ಕನಿಯಲ್ಲಿ ಇದಕ್ಕೂ ಮೊದಲೇ, 1997ರಲ್ಲಿ, ಎರೋಯಿಕಾ ಎಂಬ ಸವಾರಿ ಆರಂಭವಾಗಿತ್ತು. ದ್ರಾಕ್ಷಿ ತೋಟಗಳ ನಡುವಿನ ಬಿಳಿ ಸುಣ್ಣಗಲ್ಲಿನ ದಾರಿಗಳು ಒಂದೊಂದಾಗಿ ಡಾಂಬರಿನಡಿ ಮರೆಯಾಗುತ್ತಿದ್ದಾಗ, ಇವುಗಳನ್ನು ಉಳಿಸಿಕೊಳ್ಳೋಣ ಎಂದು ಹೊರಟವರ ಸವಾರಿ ಅದು. ಗ್ರಾವೆಲ್ ಸೈಕ್ಲಿಂಗಿಗೆಂದೇ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಮೊದಲ ಬಾರಿ ನಡೆದದ್ದೂ ಇಟಲಿಯಲ್ಲಿಯೇ. ಟಸ್ಕನಿಯ ಆ ದಾರಿಗಳು ಉಳಿದದ್ದಕ್ಕೆ ಅವುಗಳ ಮೇಲೆ ಓಡಾಡುವ ಜನ ಇದ್ದದ್ದೇ ಮುಖ್ಯ ಕಾರಣ. ಈ ಅಂಶ ನಮಗೂ ಅನ್ವಯಿಸುತ್ತದೆ.

ಇದಕ್ಕೆ ಬಳಸುವ ಸೈಕಲ್ಲಿನಲ್ಲಿ ಅಂಥ ಗುಟ್ಟೇನೂ ಇಲ್ಲ. ರೇಸಿನ ಸೈಕಲ್ಲಿಗೆ 25ರಿಂದ 28 ಮಿಲಿಮೀಟರ್ ಅಗಲದ ಟೈರು, ಕಲ್ಲಿನಂತೆ ಗಟ್ಟಿಯಾಗುವಷ್ಟು ಗಾಳಿ. ಗ್ರಾವೆಲ್ ಸೈಕಲ್ಲಿಗೆ 40 ಮಿಲಿಮೀಟರ್ ಆಸುಪಾಸಿನ ಟೈರು, ಅದರ ಅರ್ಧಕ್ಕಿಂತ ಕಡಿಮೆ ಗಾಳಿ. ಟೈರು ಸ್ವಲ್ಪ ಮೆತ್ತಗಿದ್ದರೆ ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ತಬ್ಬಿಕೊಂಡು ಉರುಳುತ್ತದೆ. ಹಿಡಿತ ಹೆಚ್ಚುತ್ತದೆ, ಕೈ ಸೊಂಟ ನೋಯುವುದಿಲ್ಲ. ಹೊರಗಿನ ಕಂಪನಿಗಳ ಇಂಥ ಸೈಕಲ್ಲಿಗೆ ಲಕ್ಷ ರೂಪಾಯಿ ದಾಟುವ ಬೆಲೆಯಿದೆ. ಆದರೆ ನಮ್ಮ ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಸೈಕಲ್ಲುಗಳನ್ನು ನೆನಪಿಸಿಕೊಳ್ಳಿ. 28 ಇಂಚಿನ ಗಾಲಿ, ಒಂದೂವರೆ ಇಂಚಿನ ಟೈರು. ಮಿಲಿಮೀಟರಿನಲ್ಲಿ ಹೇಳಿದರೆ ಅದೂ ಸುಮಾರು 40. ಹಾಲಿನ ಕ್ಯಾನು, ಮೇವಿನ ಹೊರೆ, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು ಇಷ್ಟನ್ನೂ ಹೊತ್ತು ಅವು ಓಡಿದ್ದು ಇದೇ ಗರಸು ದಾರಿಗಳಲ್ಲಿ. ದಾವಣಗೆರೆಯ ಹತ್ತಿ ಗಿರಣಿಗಳಿಗೆ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಸುತ್ತಲ ಹಳ್ಳಿಗಳ ಕಾರ್ಮಿಕರು ಪಾಳಿಗೆ ಬಂದದ್ದು ಅವುಗಳ ಮೇಲೆ. 1941ರಲ್ಲಿ ಹರಿಹರದಲ್ಲಿ ಲೇತ್ ತಯಾರಿಸಲು ಹುಟ್ಟಿದ ಮೈಸೂರು ಕಿರ್ಲೋಸ್ಕರಿನ ಹಿಂದಿದ್ದ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ವ್ಯಾಪಾರ ಶುರು ಮಾಡಿದ್ದೇ ಸೈಕಲ್ ಅಂಗಡಿಯಿಂದ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ, ಬಸ್ಸಿಲ್ಲದ ಊರುಗಳ ಹೆಣ್ಣುಮಕ್ಕಳು ಹೈಸ್ಕೂಲಿಗೆ ತುಳಿದುಕೊಂಡು ಹೋದದ್ದೂ ಈ ದಾರಿಗಳಲ್ಲಿಯೇ. ಹಾಗಾಗಿ ಗ್ರಾವೆಲ್ ಬೈಕಿಂಗ್ ದುಡ್ಡಿದ್ದವರ ಹವ್ಯಾಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಟ್ಟದ ಮೇಲಿನ ಹಳೇ ಸೈಕಲ್ಲನ್ನು ಇಳಿಸಿ, ಬ್ರೇಕ್ ಕಟ್ಟೆ, ಟೈರು, ಟ್ಯೂಬು ಬದಲಿಸಿಕೊಂಡರೆ ಮುಂದೆ ಹೇಳುವ ದಾರಿಗಳಲ್ಲಿ ಬಹುಪಾಲಿಗೆ ಅಷ್ಟು ಸಾಕು.

ಮೊದಲು ಚಾನಲ್ ಏರಿಯ ಮಾತು, ಏಕೆಂದರೆ ಈ ಭಾಗದ ವಿಶೇಷ ಅದೇ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಬಲದಂಡೆ ನಾಲೆ 103 ಕಿಲೋಮೀಟರ್ ಉದ್ದವಿದೆ. ಅದರಿಂದ ಹೊರಟ ದಾವಣಗೆರೆ, ಮಲೇಬೆನ್ನೂರು ಶಾಖಾ ನಾಲೆಗಳು, ಅವುಗಳಿಂದ ಕವಲೊಡೆದ ಉಪನಾಲೆಗಳು ಎರಡೂ ತಾಲ್ಲೂಕುಗಳನ್ನು ಹೆಣೆದಿವೆ. ನೀರು ತನ್ನಷ್ಟಕ್ಕೆ ಹರಿಯಬೇಕಾದ್ದರಿಂದ ನಾಲೆ ತೋಡುವ ಎಂಜಿನಿಯರು ಗುಡ್ಡವನ್ನು ಹತ್ತಿಸುವಂತಿಲ್ಲ, ದಿಢೀರನೆ ಇಳಿಸುವಂತೆಯೂ ಇಲ್ಲ. ನೆಲದ ಮಟ್ಟವನ್ನೇ ಹಿಡಿದು, ಗುಡ್ಡ ಬಂದಲ್ಲಿ ಬಳಸಿ, ತಗ್ಗು ಬಂದಲ್ಲಿ ಏರಿ ಎತ್ತರಿಸಿ ಸಾಗಿಸಬೇಕು. ಇಳಿಜಾರು ಇದ್ದರೂ ಕಣ್ಣಿಗೆ ಕಾಣದಷ್ಟು ಕಡಿಮೆ. ಅದರ ಪಕ್ಕದ ಸರ್ವಿಸ್ ರಸ್ತೆಗೂ ಅದೇ ಗುಣ ಬರುತ್ತದೆ. ಗುಡ್ಡಗಳ ನಡುವೆ ಹೋಗುತ್ತಿದ್ದರೂ ಕಾಲಿಗೆ ಏರು ಸಿಗುವುದಿಲ್ಲ. ಹೊಸದಾಗಿ ಸೈಕಲ್ ತುಳಿಯುವವರಿಗೆ, ಮೊಣಕಾಲು ನೋವಿರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

ಏರಿಯ ಮೇಲೆ ಹೋಗುವಾಗ ಈ ಜಿಲ್ಲೆಯ ಕೃಷಿಯ ಕಥೆ ಎರಡೂ ಬದಿಗೆ ತೆರೆದುಕೊಳ್ಳುತ್ತದೆ. ನೀರು ಇಳಿಯುವ ಕಡೆ ಭತ್ತದ ಗದ್ದೆ, ಕಬ್ಬು, ಇತ್ತೀಚೆಗೆ ಅಡಿಕೆ. ನೀರು ಹತ್ತಲಾರದ ಇನ್ನೊಂದು ಕಡೆ ಮಳೆ ನಂಬಿದ ಖುಷ್ಕಿ ಜಮೀನು, ಅಲ್ಲಿ ಮೆಕ್ಕೆಜೋಳ. ನಡುವಿನ ಅಂತರ ಒಂದು ನಾಲೆಯ ಅಗಲವಷ್ಟೇ. ಕಾರಿನಲ್ಲಿ ಹೋಗುವವರಿಗೆ ಎಲ್ಲವೂ ಬರೀ ಹಸಿರಾಗಿ ಕಾಣುತ್ತದೆ. ಸೈಕಲ್ಲಿನ ವೇಗದಲ್ಲಿ ಪ್ರತಿ ತೂಬೂ ಕಾಣುತ್ತದೆ, ತೂಬಿನ ಬಳಿ ನೀರು ಬಿಡುವ ಸೌಡಿಯ ಜೊತೆ ಮಾತಿಗೆ ನಿಂತ ರೈತರೂ ಸಿಗುತ್ತಾರೆ. ಕೊನೇ ಭಾಗಕ್ಕೆ ನೀರು ಮುಟ್ಟುತ್ತಿಲ್ಲ ಎಂಬ ದಾವಣಗೆರೆ ರೈತರ ಹಳೇ ಸಂಕಟ ಏನೆಂದು ತಿಳಿಯಲು ನಾಲೆಯ ಮೇಲ್ಭಾಗದಿಂದ ಕೊನೆಯವರೆಗೆ ಒಂದು ಬೆಳಗ್ಗೆ ತುಳಿದರೆ ಸಾಕು. ನೀರು ಬರಬರುತ್ತ ತೆಳುವಾಗುವುದನ್ನು ಕಣ್ಣಾರೆ ಕಾಣಬಹುದು.

ಕುಕ್ಕುವಾಡದ ಕಡೆಯಿಂದ ದೇವರಬೆಳಕೆರೆಗೆ, ಅಲ್ಲಿಂದ ಮಲೇಬೆನ್ನೂರಿಗೆ ಹೋಗುವ ದಾರಿ ನನಗೆ ಅಚ್ಚುಮೆಚ್ಚು. ದೇವರಬೆಳಕೆರೆಯಲ್ಲಿ ಶ್ಯಾಗಲೆ ಹಳ್ಳಕ್ಕೆ ಅಡ್ಡ ಕಟ್ಟಿದ ಪಿಕಪ್ ಅಣೆಕಟ್ಟು ಇದೆ. ಸುತ್ತಲ ಗದ್ದೆಗಳ ಬಸಿನೀರು ಹಳ್ಳಕ್ಕಿಳಿದು ಇಲ್ಲಿ ನಿಂತು ಮತ್ತೆ ಗದ್ದೆಗೆ ಹೋಗುತ್ತದೆ. ಮಲೇಬೆನ್ನೂರಿನಿಂದ ಮುಂದೆ ಕೊಮಾರನಹಳ್ಳಿ. ಗುಡ್ಡ, ಕೆರೆ, ಪಕ್ಕದಲ್ಲಿ ಹೆಳವನಕಟ್ಟೆ ರಂಗನಾಥನ ಗುಡಿ. ರಾಣೆಬೆನ್ನೂರಿನಲ್ಲಿ ಹುಟ್ಟಿದ ಹೆಳವನಕಟ್ಟೆ ಗಿರಿಯಮ್ಮ ತನ್ನ ಹಾಡುಗಳಲ್ಲಿ ಕರೆದದ್ದು ಈ ರಂಗನನ್ನೇ. ಹಿಂತಿರುಗಲು ಅದೇ ದಾರಿ ಬೇಡವೆಂದರೆ ಹರಿದ್ರಾ ಹಳ್ಳದ ಆಸುಪಾಸಿನ ಊರುಗಳನ್ನು ಹಿಡಿದು ಹರಿಹರಕ್ಕೆ ಇಳಿಯಬಹುದು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಸೂಳೆಕೆರೆಯಿಂದ ಹೊರಟ ಹಳ್ಳ ಅದು, ಹರಿಹರದ ಬಳಿ ತುಂಗಭದ್ರೆಗೆ ಸೇರುತ್ತದೆ. ಕಾಲಿನಲ್ಲಿ ಶಕ್ತಿ ಇರುವವರು ಹಳ್ಳದ ಮೇಲ್ಮುಖವಾಗಿ ಸೂಳೆಕೆರೆಯವರೆಗೂ ಹೋಗಬಹುದು; ಅದು ಇಡೀ ದಿನದ ಸವಾರಿ.

ಚಾನಲ್ ಏರಿಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಇಲ್ಲಿ ತಡೆಗೋಡೆಗಳಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತದ್ದನ್ನು ರಾಜ್ಯ ಮರೆತಿಲ್ಲ. ನೀರು ತುಂಬಿ ಹರಿಯುವ ನಾಲೆಯ ಒಳಮೈ ಸಿಮೆಂಟಿನ ಇಳಿಜಾರು, ಪಾಚಿ ಕಟ್ಟಿರುತ್ತದೆ. ಬಿದ್ದರೆ ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಆದ್ದರಿಂದ ಏರಿಯ ಮೇಲೆ ಇಬ್ಬರು ಅಕ್ಕಪಕ್ಕ ತುಳಿಯುವುದು ಬೇಡ, ಕತ್ತಲಾದ ಮೇಲೆ ಹೋಗುವುದು ಬೇಡ, ಕಡಿದಾದ ತಿರುವಿನಲ್ಲಿ ಇಳಿದು ತಳ್ಳಿಕೊಂಡು ಹೋದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ನಾಲೆಯ ದಡ ಬಿಟ್ಟು ಕೆಳಗಿನ ಗದ್ದೆ ದಾರಿಯನ್ನೇ ಆರಿಸಬೇಕು.

ದಾರಿ ಆರಿಸುವ ಮೊದಲು ತಿಳಿಯಬೇಕಾದದ್ದು ಮಣ್ಣು. ಹೊಳೆಗೆ ಹತ್ತಿರವಾದಂತೆ ಹೆಚ್ಚಾಗಿ ಎರೆ, ಅಂದರೆ ಕಪ್ಪು ಮಣ್ಣು, ಸಿಗುತ್ತದೆ. ಹರಿಹರದಿಂದ ರಾಜನಹಳ್ಳಿ, ಅಲ್ಲಿಂದ ಮೇಲಕ್ಕೆ ಉಕ್ಕಡಗಾತ್ರಿ ಕಡೆಯ ಹೊಲಗಳ ದಾರಿ ಬೇಸಿಗೆಯಲ್ಲಿ ಒಣಗಿ ಬಿರಿದು ಸಿಮೆಂಟಿನಷ್ಟು ಗಟ್ಟಿ. ಒಂದು ಹದ ಮಳೆ ಬಿದ್ದರೆ ಅದೇ ದಾರಿಯಲ್ಲಿ ಹತ್ತು ಮಾರು ಹೋಗಲಾಗುವುದಿಲ್ಲ. ಎರೆಯ ಜಿಗುಟು ಕಣ ನೀರು ಕುಡಿದು ಉಬ್ಬುತ್ತದೆ, ಟೈರಿಗೆ ಅಂಟಿ ಪದರದ ಮೇಲೆ ಪದರ ಕಟ್ಟುತ್ತದೆ, ಕೊನೆಗೆ ಫೋರ್ಕಿಗೂ ಬ್ರೇಕಿಗೂ ತುಂಬಿಕೊಂಡು ಗಾಲಿಯೇ ತಿರುಗುವುದಿಲ್ಲ. ಆಗ ಸೈಕಲ್ಲನ್ನು ಹೆಗಲಿಗೆ ಏರಿಸುವುದೊಂದೇ ದಾರಿ. ಈ ಕಡೆಯ ಯಾವ ರೈತನಾದರೂ ಸವಾರನನ್ನು ಕಂಡ ಕೂಡಲೇ ಹೇಳುತ್ತಾನೆ: "ಸಾರ್, ಮುಂದೆ ಎರೆ ಐತಿ, ಮಳಿ ಆಗೈತಿ, ಹೋಗಬ್ಯಾಡ್ರಿ, ಹಿಂಗೆ ಗರಸಿನ ದಾರಿ ಹಿಡೀರಿ." ಈ ಮಾತನ್ನು ಮೊಬೈಲಿನ ನಕ್ಷೆಗಿಂತ ಹೆಚ್ಚು ನಂಬಬೇಕು. ನಕ್ಷೆಗೆ ಮಣ್ಣಿನ ಬಣ್ಣ ಗೊತ್ತಿಲ್ಲ.

ಪೂರ್ವಕ್ಕೆ, ಆನಗೋಡು, ಮಾಯಕೊಂಡದ ಕಡೆಗೆ ಸರಿದರೆ ಕೆಂಪು ಮಣ್ಣಿನ ಮಸಾರಿ ಹೊಲ, ಕಲ್ಲುಗರಸು ಹೆಚ್ಚು ಸಿಗುತ್ತವೆ. ಇಲ್ಲಿ ಮಳೆ ನಿಂತ ಮಾರನೇ ದಿನವೇ ದಾರಿ ತುಳಿಯಲು ಸಿದ್ಧವಾಗಿರುತ್ತದೆ. ಒಡೆದು ಪುಡಿಯಾದ ಬಂಡೆಯ ಚೂರಿಗೆ ಸ್ವಲ್ಪ ಜೇಡಿ ಸೇರಿದ್ದರೆ, ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ಭಾರಕ್ಕೆ ಅದು ಅದುಮಿಕೊಂಡು ಗಟ್ಟಿ ಹಾಸಾಗುತ್ತದೆ, ನೀರು ಬಸಿದು ಹೋಗುತ್ತದೆ. ಆದ್ದರಿಂದ ಜೂನಿನಿಂದ ನವೆಂಬರಿನವರೆಗೆ ಪೂರ್ವದ ಮಸಾರಿ, ನವೆಂಬರ್ ಕಳೆದ ಮೇಲೆ ಪಶ್ಚಿಮದ ಎರೆ ಮತ್ತು ಚಾನಲ್ ಏರಿ ಎಂದು ಇಟ್ಟುಕೊಂಡರೆ ವರ್ಷವಿಡೀ ಸೈಕಲ್ ನಿಲ್ಲಿಸಬೇಕಾಗಿಲ್ಲ. ಮಳೆಗಾಲದ ಬೆಳೆ ಕೊಯ್ಲಾಗಿ, ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡುವ ಮುಂಚಿನ ವಾರಗಳು ಏರಿಯ ಸವಾರಿಗೆ ಎಲ್ಲಕ್ಕಿಂತ ಒಳ್ಳೆಯವು. ಆ ಹೊತ್ತಿನಲ್ಲಿ ಹಳ್ಳಿಯ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ. ಅದರ ಮೇಲೆ ಗಾಲಿ ಹರಿಸಬಾರದು. ಇಳಿದು ಅಂಚಿನಲ್ಲಿ ನಡೆದು ದಾಟಬೇಕು.

ಏರು ಬೇಕೆನ್ನುವವರಿಗೆ ಕೊಂಡಜ್ಜಿ ಹತ್ತಿರ. ದಾವಣಗೆರೆಯಿಂದ ಸುಮಾರು 12 ಕಿಲೋಮೀಟರ್, ಹರಿಹರದಿಂದ ಇನ್ನೂ ಕಡಿಮೆ. ದೊಡ್ಡ ಕೆರೆ, ಅದಕ್ಕೆ ಒರಗಿದ ಗುಡ್ಡ, ಕುರುಚಲು ಕಾಡು, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇವೆಲ್ಲ ಒಂದೇ ಕಡೆ ಇವೆ. ದಾವಣಗೆರೆಯಿಂದ ಕೊಂಡಜ್ಜಿಗೆ, ಅಲ್ಲಿಂದ ಹರಿಹರಕ್ಕೆ ಇಳಿದು ಹರಿಹರೇಶ್ವರನ ಗುಡಿಯ ಅಂಗಳದಲ್ಲಿ ದಣಿವಾರಿಸಿಕೊಂಡು, ಬಾತಿ ಕೆರೆಯ ಕಡೆಯಿಂದ ಹಿಂತಿರುಗುವ ಸುತ್ತು ಅರ್ಧ ದಿನದ ಕೆಲಸ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯ ಕಂಬಗಳ ಮಂಟಪ ಮಧ್ಯಾಹ್ನದಲ್ಲೂ ತಂಪು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಹೊಳೆಯ ದಡದ ಹರಿಹರ ಅದಕ್ಕಿಂತ ತಗ್ಗು. ಹಾಗಾಗಿ ಹೋಗುವಾಗ ಇಳಿಜಾರು, ಬರುವಾಗ ಮೆಲ್ಲನೆಯ ಏರು. ಬಿಸಿಲೇರುವ ಮೊದಲೇ ಹಿಂತಿರುಗುವ ಲೆಕ್ಕ ಹಾಕಿಕೊಳ್ಳಬೇಕು.

ದಾವಣಗೆರೆಯಿಂದ ಈಶಾನ್ಯಕ್ಕೆ ಉಚ್ಚಂಗಿದುರ್ಗ ಸುಮಾರು 30 ಕಿಲೋಮೀಟರ್. ಉಚ್ಚಂಗಿ ಪಾಂಡ್ಯರು ಆಳಿದ ಕೋಟೆ, ಮೇಲೆ ಉಚ್ಚಂಗೆಮ್ಮನ ಗುಡಿ. ಈಗ ಅದು ಹರಪನಹಳ್ಳಿ ತಾಲ್ಲೂಕಿನ ಜೊತೆ ವಿಜಯನಗರ ಜಿಲ್ಲೆಗೆ ಸೇರಿದ್ದರೂ ದಾವಣಗೆರೆಯ ಹಳ್ಳಿಗಳ ಒಕ್ಕಲು ಕಡಿದಿಲ್ಲ. ಭರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಅಮ್ಮನ ಗುಡ್ಡಕ್ಕೆ ಹೋಗುವ ಪದ್ಧತಿ ತಲೆಮಾರುಗಳದ್ದು. ಬಂಡಿಗಳು ಸಾಗಿದ ಅದೇ ಜಾಡುಗಳು ಊರಿಂದೂರಿಗೆ ಕೂಡಿಕೊಂಡು ಗುಡ್ಡದ ಬುಡದವರೆಗೆ ಸೈಕಲ್ ದಾರಿಯನ್ನು ಸಿದ್ಧಮಾಡಿಟ್ಟಿವೆ. ಜಾತ್ರೆಯ ದಿನಗಳನ್ನು ಬಿಟ್ಟು ಉಳಿದ ಚಳಿಗಾಲದಲ್ಲಿ ಇಲ್ಲಿ ಎದುರಿಗೆ ಕುರಿ ಹಿಂಡು ಬಿಟ್ಟರೆ ಬೇರೆ ಸಂಚಾರ ಕಡಿಮೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನ ಮಾತು ಬೇರೆ. ಕೊಂಡುಕುರಿಗಳಿಗೆಂದು 2011ರಲ್ಲಿ ವನ್ಯಧಾಮವಾದ ಜಾಗ ಅದು. ಅಪ್ಪಣೆಯಿಲ್ಲದೆ ಒಳಗೆ ಕಾಲಿಡಬಾರದು, ಅಪ್ಪಣೆ ಸಿಕ್ಕರೂ ಗುಂಪು ಕಟ್ಟಿಕೊಂಡು ಹೋಗಬಾರದು. ನಾಚಿಕೆಯ ಆ ಪ್ರಾಣಿಗೆ ಉಳಿದಿರುವ ಕುರುಚಲು ಕಾಡೇ ಕಡಿಮೆ. ಸೈಕಲ್ಲಿನವರಿಗೆ ಕಾಡಿನ ಹೊರಗೆ ಬೇಕಾದಷ್ಟು ದಾರಿಯಿದೆ.

ಈ ನೆಲದಲ್ಲಿ ಸವಾರರಿಗೆ ನಿಜವಾದ ಕಾಟ ಮುಳ್ಳಿನದು. ಬೇಲಿಯ ಬಳ್ಳಾರಿ ಜಾಲಿ ಒಂದು ಕಡೆ, ನೆಲಕ್ಕೆ ಹಬ್ಬುವ ನೆಗ್ಗಿಲು ಇನ್ನೊಂದು ಕಡೆ. ಅಮೆರಿಕದ ಪಶ್ಚಿಮ ಸೀಮೆಯ ಸವಾರರು ಎಲ್ಲಕ್ಕಿಂತ ಹೆಚ್ಚು ಹೆದರುವ ಮುಳ್ಳೂ ಇದೇ ನೆಗ್ಗಿಲು. ನಮ್ಮ ಕಡೆಯ ಖಂಡಗಳಿಂದ ಹೋಗಿ ಅಲ್ಲಿ ಬೇರೂರಿದ್ದು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುವ ಕಾಯಿ ಅದು. ಟ್ಯೂಬಿಲ್ಲದ ಟೈರಿನೊಳಗೆ ರಬ್ಬರ್ ಹಾಲಿನಂಥ ದ್ರವ ಹಾಕಿದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಮಾಮೂಲಿ ಸೈಕಲ್ಲಿನವರು ಎರಡು ಟ್ಯೂಬು, ಪ್ಯಾಚು, ಸಣ್ಣ ಪಂಪು ಇಟ್ಟುಕೊಳ್ಳಬೇಕು. ಪಂಕ್ಚರ್ ಆದಾಗ ಮುಳ್ಳನ್ನು ಟೈರಿನ ಒಳಗಿನಿಂದ ಬೆರಳಾಡಿಸಿ ಹುಡುಕಿ ತೆಗೆಯದೆ ಹೊಸ ಟ್ಯೂಬು ಹಾಕಿದರೆ ಅದೂ ಹೋಗುತ್ತದೆ. ತಿನ್ನುವುದಕ್ಕೆ ಚಿಂತೆಯಿಲ್ಲ, ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಾದರೂ ಮಂಡಕ್ಕಿ ಮೆಣಸಿನಕಾಯಿ ಸಿಗುತ್ತದೆ. ನೀರು ಮಾತ್ರ ಮನೆಯಿಂದಲೇ ತುಂಬಿಕೊಂಡು ಹೊರಡಬೇಕು. ನಾಲೆಯ ನೀರಿನಲ್ಲಿ ಗದ್ದೆಯ ಗೊಬ್ಬರ, ಔಷಧಿ ಸೇರಿರುತ್ತದೆ, ಕುಡಿಯಬಾರದು.

ಇನ್ನು ಕಾಪಾಡುವ ಮಾತು. ಬಂಡಿ ಜಾಡುಗಳು ಎರಡು ರೀತಿಯಲ್ಲಿ ಇಲ್ಲವಾಗುತ್ತಿವೆ. ಒಂದು ಒತ್ತುವರಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ, ಕಾಲುದಾರಿಗಳನ್ನು ಬೇರೆ ಬೇರೆ ಗೆರೆಗಳಲ್ಲಿ ಗುರುತಿಸಿದ್ದಾರೆ. ನೆಲದ ಮೇಲೆ ಹೋಗಿ ನೋಡಿದರೆ ವರ್ಷಕ್ಕೊಂದು ಸಾಲು ಉತ್ತು ಉತ್ತು ದಾರಿ ಬದುವಿನಷ್ಟಾಗಿರುತ್ತದೆ, ಕೆಲವು ಕಡೆ ಬೇಲಿಯೇ ಬಿದ್ದಿರುತ್ತದೆ. ಇದರಿಂದ ಮೊದಲು ಕಷ್ಟಪಡುವವನು ಒಳಹೊಲದ ರೈತ. ಅವನ ಬೆಳೆ ರಸ್ತೆಗೆ ಬರುವುದಿಲ್ಲ. ಸೈಕಲ್ ಸವಾರರ ಹಿತ, ಅವನ ಹಿತ ಇಲ್ಲಿ ಒಂದೇ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಗ್ರಾಮ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡು ಕಾಲೇಜು ಹುಡುಗರ ಒಂದು ತಂಡ ಭಾನುವಾರಗಳಲ್ಲಿ ತುಳಿದರೆ, ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಪಟ್ಟಿಯಾಗುತ್ತದೆ. ಅದನ್ನು ಗ್ರಾಮಸಭೆಯ ಮುಂದಿಟ್ಟರೆ ದಾರಿ ಬಿಡಿಸಿಕೊಳ್ಳಬೇಕಾದ ರೈತನ ಕೈಗೊಂದು ದಾಖಲೆ ಸಿಕ್ಕಂತಾಗುತ್ತದೆ.

ಎರಡನೆಯದು ಕಾಂಕ್ರೀಟು. ಇದನ್ನು ಬರೆಯುವಾಗ ನನಗೆ ಸಂಕೋಚವಿಲ್ಲ, ಆದರೆ ಎಚ್ಚರವಿದೆ. ಎರೆ ನೆಲದಲ್ಲಿ ಕಬ್ಬಿನ ಟ್ರ್ಯಾಕ್ಟರು ಹೂತುಕೊಂಡವನಿಗೆ ಗಟ್ಟಿ ರಸ್ತೆ ಬೇಕೇ ಬೇಕು, ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದ ಊರಿಗೂ ಬೇಕು. ಅಲ್ಲಿ ನನ್ನ ಸೈಕಲ್ ಸುಖಕ್ಕಾಗಿ ಮಣ್ಣು ದಾರಿಯೇ ಇರಲಿ ಎನ್ನುವ ಹಕ್ಕು ನನಗಿಲ್ಲ. ಆದರೆ ಮಸಾರಿ ಸೀಮೆಯ ಹೊಲದ ದಾರಿಗಳಿಗೆ, ಕೆರೆ ಏರಿಗಳಿಗೆ, ಗುಡ್ಡದ ಬುಡದ ಜಾಡುಗಳಿಗೆ ಕಾಂಕ್ರೀಟಿನ ಅಗತ್ಯವಿಲ್ಲ. ಉದ್ಯೋಗ ಖಾತ್ರಿಯಡಿ 'ನಮ್ಮ ಹೊಲ ನಮ್ಮ ರಸ್ತೆ' ಎಂದು ಮಾಡಿದ ಕೆಲಸಗಳಲ್ಲಿ ಒಳ್ಳೆಯವು ಉಳಿದದ್ದು ಮೂರು ಅಂಶಗಳಿಂದ: ನಡುವೆ ಉಬ್ಬಿರುವ ಹಾಸು, ಎರಡೂ ಬದಿ ಚರಂಡಿ, ಹಳ್ಳ ಅಡ್ಡ ಬಂದಲ್ಲಿ ಪೈಪು. ನೀರು ನಿಲ್ಲದಿದ್ದರೆ ಗರಸು ವರ್ಷಗಟ್ಟಲೆ ಬಾಳುತ್ತದೆ. ಅದು ಎತ್ತಿನ ಗೊರಸಿಗೆ ಮೆತ್ತಗೆ, ಕೆಟ್ಟರೆ ಊರಿನ ಕೂಲಿಯವರೇ ಸರಿಪಡಿಸಬಹುದು, ಗುತ್ತಿಗೆದಾರನಿಗೆ ಕಾಯಬೇಕಾಗಿಲ್ಲ.

ಉತ್ತರ ಕರ್ನಾಟಕದ ವಿಜಯಪುರ, ಬಾಗಲಕೋಟೆಯ ಹಳ್ಳಿಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಅವರ ಮೊದಲ ಅಭ್ಯಾಸ ನಡೆದದ್ದು ಊರಿನ ರಸ್ತೆಗಳ ಮೇಲೆಯೇ. ದಾವಣಗೆರೆ, ಹರಿಹರದ ಮಕ್ಕಳಿಗೂ ಅಂಥ ನೆಲ ಬಾಗಿಲಲ್ಲೇ ಇದೆ. ಬೇಕಾಗಿರುವುದು ದಾರಿಯ ಗುರುತು, ಕನ್ನಡದಲ್ಲಿ ಬರೆದ ಫಲಕಗಳು, ಯಾವ ತಿಂಗಳಲ್ಲಿ ಯಾವ ಕಡೆ ಎಂದು ಹೇಳುವ ಒಂದು ನಕ್ಷೆ. ಇದಕ್ಕೆ ದೊಡ್ಡ ಅನುದಾನ ಬೇಡ. ಮೊದಲ ಫಲಕವನ್ನು ಕೊಂಡಜ್ಜಿ ಕೆರೆ ಏರಿಯ ಬಳಿ ನೆಡುವುದು ಸೂಕ್ತ. ಎರಡೂ ಊರಿಗೆ ಹತ್ತಿರದ ಜಾಗ ಅದು, ಸ್ಕೌಟ್ ಶಿಬಿರಕ್ಕೆ ಬರುವ ಮಕ್ಕಳ ಕೈಯಲ್ಲೇ ಸುತ್ತಲ ಜಾಡುಗಳನ್ನು ಗುರುತಿಸಿ ನಕ್ಷೆ ಬರೆಸಬಹುದು. ಚಾನಲ್ ಏರಿಯ ದಾರಿಗೆ ನೀರಾವರಿ ನಿಗಮದ ಒಪ್ಪಿಗೆ ಬೇಕಾಗುತ್ತದೆ, ಅಪಾಯದ ತಿರುವುಗಳಲ್ಲಿ ತಡೆಗಂಬ ಹಾಕಬೇಕಾಗುತ್ತದೆ. ಅದು ಎರಡನೇ ಹಂತದ ಕೆಲಸ.